ಯಂತ್ರವಿಲ್ಲದೆ ಒಂದು ಫ್ರಾಕು: ಮೊದಲ ಬಾರಿ ಪೂರ್ತಿ ಕೈಯಲ್ಲೇ ಹೊಲಿಯುವವರಿಗೆ

ನಾನು ಪೂರ್ತಿ ಕೈಯಲ್ಲೇ ಹೊಲಿದ ಮೊದಲ ಫ್ರಾಕು ಬಾಳಿದ್ದು ಒಂದೇ ಮಧ್ಯಾಹ್ನ. ತಂಗಿಯ ಮಗಳು ಅದನ್ನು ತೊಟ್ಟು ಹಿತ್ತಲಿಗೆ ಓಡಿದಳು, ಸೀಬೆಯ ಕೊಂಬೆಗೆ ಎರಡೂ ಕೈ ಚಾಚಿದಳು, ಬಲಗಂಕುಳ ಕೆಳಗೆ ಪರ್ರೆಂದಿತು. ಬಟ್ಟೆ ಗಟ್ಟಿಯಾಗಿಯೇ ಇತ್ತು, ದಾರ ಕಡಿದಿತ್ತು. ದೊಡ್ಡಮ್ಮ ಫ್ರಾಕನ್ನು ಒಳಮೈಗೆ ತಿರುಗಿಸಿ, ಕನ್ನಡಕ ಏರಿಸಿ ನೋಡಿ, "ಕೌದಿಗೆ ಹಾಕುವ ಹೊಲಿಗೆ ಹಾಕಿದ್ದೀಯಲ್ಲೇ. ಕೌದಿ ಮಲಗಿರುತ್ತದೆ, ಮಗು ಮಲಗಿರುತ್ತದೆಯೇ?" ಎಂದರು.

ಈ ಲೇಖನ ಆ ಒಂದು ಮಾತಿನ ವಿಸ್ತರಣೆ ಎಂದರೂ ಸರಿಯೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿಯುವ ಕೌದಿಗೆ ಮುಖ್ಯವಾಗಿ ಬೇಕಾಗುವುದು ಒಂದೇ ಹೊಲಿಗೆ: ಸೂಜಿ ಒಳಗೆ, ಹೊರಗೆ, ಮತ್ತೆ ಒಳಗೆ, ಹೊರಗೆ. ಒತ್ತೊತ್ತಾಗಿ ನೂರಾರು ಸಾಲುಗಳಿರುವುದರಿಂದ ಯಾವ ಒಂದು ಸಾಲಿನ ಮೇಲೂ ಭಾರ ಬೀಳುವುದಿಲ್ಲ. ಫ್ರಾಕಿನ ಪಕ್ಕದ ಹೊಲಿಗೆಗೆ ಅಂಥ ಬಳಗವಿಲ್ಲ. ಮಗು ಕೈ ಎತ್ತಿದಾಗ, ಬಗ್ಗಿದಾಗ, ಯಾರೋ ರಟ್ಟೆ ಹಿಡಿದು ಎಳೆದಾಗ ಆ ಒಂಟಿ ಸಾಲೇ ತಡೆದುಕೊಳ್ಳಬೇಕು. ಹಾಗಾಗಿ ಸೂಜಿ ಚುಚ್ಚುವ ಮುನ್ನ ಪ್ರತಿ ಸಲವೂ ಕೇಳಿಕೊಳ್ಳಿ: ಇಲ್ಲಿ ಎಳೆತ ಬೀಳುತ್ತದೆಯೇ? ಯಾವ ಹೊಲಿಗೆ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ.

ಯಂತ್ರವಿಲ್ಲದೆ ಹೊಲಿದರೆ ಗಟ್ಟಿಯಾಗಿರುತ್ತದೆಯೇ ಎಂಬ ಅನುಮಾನ ಬೇಡ. ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಅಂಥ ಯಂತ್ರಗಳು ಮನೆಮನೆಗೆ ಬರುವ ಮೊದಲು ಸೈನಿಕನ ಅಂಗಿಯಿಂದ ಹಾಯಿಹಡಗಿನ ಹಾಯಿಯವರೆಗೆ ಎಲ್ಲವನ್ನೂ ಜನ ಕೈಯಲ್ಲೇ ಹೊಲಿಯುತ್ತಿದ್ದರು.

ಮೊದಲ ಪ್ರಯತ್ನಕ್ಕೆ ನಾನು ಹೇಳುವುದು ನಾಲ್ಕು ವರ್ಷದ ಹುಡುಗಿಯ ಫ್ರಾಕು. ತೋಳಿಲ್ಲ, ಬೆನ್ನಿಗೆ ಗುಂಡಿ, ಸೊಂಟದಿಂದ ಕೆಳಗೆ ನೆರಿಗೆ. ನಿಮಗೇ ಒಂದು ಕುರ್ತಾ ಹೊಲಿದುಕೊಳ್ಳುವ ಆಸೆ ಇರಬಹುದು. ಅದರ ಪಕ್ಕದ ಹೊಲಿಗೆ ಒಂದೊಂದೂ ಗಜದಷ್ಟು ಉದ್ದ, ಅರ್ಧದಲ್ಲಿ ಬೇಸರ ಬಂದು ಬೀರು ಸೇರುತ್ತದೆ. ರವಿಕೆಯನ್ನಂತೂ ಮುಟ್ಟಲೇಬೇಡಿ. ಚಿಕ್ಕ ಫ್ರಾಕಿನಲ್ಲಿ ಎಲ್ಲ ಪಾಠವೂ ಇದೆ, ಮುಗಿಯುವುದೂ ಬೇಗ. ದಿನಕ್ಕೊಂದು ಗಂಟೆಯಂತೆ ಕುಳಿತು ನನಗೆ ಎರಡು ವಾರ ಹಿಡಿಯಿತು.

ಬಟ್ಟೆ, ಸೂಜಿ, ದಾರ

ಅಂಗಡಿಯಲ್ಲಿ 44 ಇಂಚು ಪನ್ನದ, ಅಂದರೆ ಅಗಲದ, ಹತ್ತಿ ಬಟ್ಟೆ ಒಂದೂಕಾಲು ಮೀಟರ್ ಕೇಳಿ. ಕೇಂಬ್ರಿಕ್ ಆದರೆ ಬಹಳ ಒಳ್ಳೆಯದು, ಸೂಜಿ ಬೆಣ್ಣೆಗಿಳಿದ ಹಾಗೆ ಇಳಿಯುತ್ತದೆ. ಪಾಪ್ಲಿನ್ ಸ್ವಲ್ಪ ಬಿಗಿ, ಬೆರಳು ನೋಯುತ್ತದೆ. ಗುಳೇದಗುಡ್ಡದ ಖಣದಲ್ಲಿ ಮಕ್ಕಳ ಫ್ರಾಕು ಎಷ್ಟು ಚೆಂದವೆಂದು ನನಗೂ ಗೊತ್ತು, ಆದರೆ ಅದರ ಪನ್ನ ಕಡಿಮೆ, ಕತ್ತರಿಸಿದ ಕಡೆಯೆಲ್ಲ ನೂಲು ಬಿಟ್ಟುಕೊಳ್ಳುತ್ತದೆ. ಅದು ಮೂರನೆಯ ಫ್ರಾಕಿಗಿರಲಿ. ಸಣ್ಣ ಚೌಕುಳಿಯ ಬಟ್ಟೆ ಸಿಕ್ಕಿದರೆ ಕಣ್ಣು ಮುಚ್ಚಿ ತನ್ನಿ. ಗೆರೆ ಹಾಕುವ ಕೆಲಸವನ್ನು ನೇಕಾರರೇ ಮಾಡಿಕೊಟ್ಟಿರುತ್ತಾರೆ, ನೇರ ಕತ್ತರಿಸಲೂ ಹೊಲಿಯಲೂ ಅದೇ ದಾರಿ ತೋರಿಸುತ್ತದೆ.

ತಂದ ದಿನವೇ ಬಟ್ಟೆಯನ್ನು ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುವುದು ಸಾಮಾನ್ಯ. ಹೊಲಿದ ಮೇಲೆ ಕುಗ್ಗಿದರೆ ಸೊಂಟದಲ್ಲೇ ಒಂದು ಇಂಚು ಹೋಗುತ್ತದೆ. ನೆನೆಹಾಕಿದರೆ ಗಂಜಿಯೂ ಬಿಡುತ್ತದೆ.

ಸೂಜಿಗಳಲ್ಲಿ ಸಂಖ್ಯೆ ಹೆಚ್ಚಾದಷ್ಟು ಸೂಜಿ ಸಣ್ಣ. ಈ ಬಟ್ಟೆಗೆ 8 ಅಥವಾ 9ನೆಯ ಸಂಖ್ಯೆ ಸರಿ, ಗುಂಡಿಗೆ 7. ಮನೆಯ ಡಬ್ಬಿಯಲ್ಲಿ ವರ್ಷಗಳಿಂದ ಬಿದ್ದಿರುವ ದಪ್ಪ ಸೂಜಿಯಲ್ಲಿ ಹೊಲಿಯಲು ಹೋಗಬೇಡಿ, ಅರ್ಧ ಜನ ಕೈಹೊಲಿಗೆ ಬಿಟ್ಟುಬಿಡುವುದು ಆ ಸೂಜಿಯ ದೆಸೆಯಿಂದ. ದಾರ ಹತ್ತಿಯದಾದರೂ ಪಾಲಿಯೆಸ್ಟರ್ ಆದರೂ ನಡೆಯುತ್ತದೆ. ಎಳೆದರೆ ಪಟಕ್ಕನೆ ಕಡಿಯುವ ಅಗ್ಗದ ರೀಲು ಮಾತ್ರ ಬೇಡ. ಬಣ್ಣ ಬಟ್ಟೆಯದೇ ಇರಲಿ. ಆಮೇಲೆ ಬಿಚ್ಚಿಬಿಡುವ ಕಚ್ಚಾ ಹೊಲಿಗೆಗೆಂದು ಎದ್ದು ಕಾಣುವ ಬೇರೆ ಬಣ್ಣದ ಇನ್ನೊಂದು ರೀಲು ತನ್ನಿ. ಇವುಗಳ ಜೊತೆಗೆ ಟೇಪು, ಗುಂಡುಸೂಜಿ, ಚಾಕ್, ಬಟ್ಟೆಗೆಂದೇ ಮೀಸಲಿಟ್ಟ ಕತ್ತರಿ, ಒಂದು ತುಂಡು ಜೇನುಮೇಣ. ಸೂಜಿಯ ಹಿಂಭಾಗ ಒತ್ತುವ ನಡುಬೆರಳಿಗೆ ಲೋಹದ ಟೊಪ್ಪಿಗೆಯಂಥದ್ದು ಸಿಗುತ್ತದೆ, ದರ್ಜಿಗಳು ಅದನ್ನು ಅಂಗುಸ್ತಾನ ಎನ್ನುತ್ತಾರೆ. ಮೊದಲ ದಿನ ಅದು ಅಡ್ಡಿ ಎನ್ನಿಸುತ್ತದೆ, ಮೂರನೆಯ ದಿನ ಅದಿಲ್ಲದೆ ಆಗುವುದಿಲ್ಲ.

ದಾರವನ್ನು ಬೆರಳ ತುದಿಯಿಂದ ಮೊಣಕೈಯವರೆಗಿನ ಉದ್ದಕ್ಕೆ, ಅಂದರೆ ಸುಮಾರು 18 ಇಂಚಿಗೆ ಕತ್ತರಿಸಿ. ಪದೇ ಪದೇ ಪೋಣಿಸುವುದು ಬೇಡವೆಂದು ಮಾರುದ್ದ ತೆಗೆದುಕೊಂಡರೆ ಅದು ತನ್ನನ್ನು ತಾನೇ ಸುತ್ತಿಕೊಂಡು ಗಂಟಾಗುತ್ತದೆ, ಬಿಡಿಸಲು ಪೋಣಿಸುವುದಕ್ಕಿಂತ ಹೆಚ್ಚು ಹೊತ್ತು ಬೇಕು. ರೀಲಿನಿಂದ ಮೊದಲು ಹೊರಬಂದ ತುದಿಯನ್ನೇ ಸೂಜಿಕಣ್ಣಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ದಾರವನ್ನು ಜೇನುಮೇಣದ ಮೇಲೆ ಎರಡು ಸಲ ಎಳೆದು, ಹಳೆಯ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒಮ್ಮೆ ಒತ್ತಿದರೆ ಮೇಣ ಒಳಗಿಳಿದು ದಾರ ನಯವಾಗುತ್ತದೆ.

ದೀಪ ಹಚ್ಚಿದ ಮೇಲೆ ಯಾರಿಗೂ ಸೂಜಿ ಕೊಡಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಕಾರಣ ಏನೇ ಇರಲಿ, ಮಂದ ಬೆಳಕಿನಲ್ಲಿ ಹೊಲಿಯದಿರುವುದು ಒಳ್ಳೆಯದು. ಕಿಟಕಿಯ ಪಕ್ಕ, ಎಡಗಡೆಯಿಂದ ಬೆಳಕು ಬೀಳುವ ಹಾಗೆ ಕುಳಿತುಕೊಳ್ಳಿ, ಎಡಚರಾದರೆ ಬಲಗಡೆಯಿಂದ. ಮನೆಯಲ್ಲಿ ಮಗುವಿದೆ ಎಂಬುದನ್ನು ಮರೆಯದೆ ಗುಂಡುಸೂಜಿಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಹಿಂದಕ್ಕಿಡಿ.

ಅಳತೆ ಮತ್ತು ಕತ್ತರಿ

ಮಗುವಿನ ಎದೆಯ ಸುತ್ತಳತೆ 22 ಇಂಚು ಎಂದು ಇಟ್ಟುಕೊಳ್ಳೋಣ. ಆಡಲು, ಉಸಿರಾಡಲು 3 ಇಂಚು ಸಡಿಲ ಸೇರಿಸಿದರೆ 25. ಅದರ ಕಾಲುಭಾಗ 6¼. ಭುಜದಿಂದ ಸೊಂಟಕ್ಕೆ 9 ಇಂಚು. ನಿಮ್ಮ ಮನೆಯ ಮಗುವಿನ ಅಳತೆ ಬೇರೆಯಾದರೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕ ಇದೇ.

ಬಟ್ಟೆಗಿಂತ ಮೊದಲು ಕಾಗದ. ದಿನಪತ್ರಿಕೆಯ ಒಂದು ಹಾಳೆಯನ್ನು ಮಡಿಸಿ, ಮಡಿಕೆಯ ಗೆರೆಯೇ ಎದೆಯ ನಟ್ಟನಡು ಎಂದು ತಿಳಿಯಿರಿ. ಮೇಲಿನ ಅಂಚಿನಿಂದ ಸ್ವಲ್ಪ ಜಾಗ ಬಿಟ್ಟು ಒಂದು ಅಡ್ಡಗೆರೆ ಎಳೆದುಕೊಳ್ಳಿ, ಎಲ್ಲ ಅಳತೆಯೂ ಆ ಗೆರೆಯಿಂದಲೇ. ಮಡಿಕೆಯಿಂದ ಗೆರೆಯ ಉದ್ದಕ್ಕೆ 2¼ ಇಂಚಿಗೆ ಕೊರಳಿನ ಗುರುತು, ಮಡಿಕೆಯ ಮೇಲೆ 2½ ಇಂಚು ಕೆಳಗೆ ಇನ್ನೊಂದು. ಎರಡನ್ನೂ ತಟ್ಟೆಯ ಅಂಚಿನ ಹಾಗೆ ದುಂಡಗೆ ಸೇರಿಸಿ. ಮಡಿಕೆಯಿಂದ 4½ ಇಂಚಿಗೆ ಭುಜದ ತುದಿ, ಅದನ್ನು ಅರ್ಧ ಇಂಚು ಕೆಳಗಿಳಿಸಿ ಕೊರಳಿಗೆ ಸೇರಿಸಿದರೆ ಭುಜದ ಇಳಿಜಾರು ಬರುತ್ತದೆ. ಅಡ್ಡಗೆರೆಯಿಂದ 5½ ಇಂಚು ಕೆಳಗೆ, ಮಡಿಕೆಯಿಂದ 6¼ ಇಂಚಿನಲ್ಲಿ ಕಂಕುಳ ಗುರುತು. ಭುಜದ ತುದಿಯಿಂದ ಅಲ್ಲಿಗೆ ಮೊದಲು ನೇರವಾಗಿ ಇಳಿದು ಕೊನೆಯಲ್ಲಿ ಹೊರಕ್ಕೆ ಬಾಗುವ ಗೆರೆ. ಅಲ್ಲಿಂದ ಸೊಂಟಕ್ಕೆ, ಅಂದರೆ 9 ಇಂಚಿಗೆ, ನೇರವಾಗಿ ಇಳಿಯಿರಿ. ಈ ವಯಸ್ಸಿನಲ್ಲಿ ಸೊಂಟವೆಂದು ಬೇರೆ ಇರುವುದಿಲ್ಲ.

ಇನ್ನು ಹೊಲಿಗೆಗೆಂದು ಬಿಡುವ ಬಟ್ಟೆ: ಭುಜ, ಪಕ್ಕ, ಸೊಂಟಕ್ಕೆ ಅರ್ಧ ಇಂಚು, ಕೊರಳು, ಕಂಕುಳಿಗೆ ಕಾಲು ಇಂಚು. ಬೆನ್ನಿನ ಭಾಗಕ್ಕೂ ಇದೇ ನಕ್ಷೆ, ಕೊರಳ ಆಳ ಮಾತ್ರ 1½ ಇಂಚು. ಬೆನ್ನು ಎರಡು ತುಂಡು. ಪ್ರತಿಯೊಂದಕ್ಕೂ ನಡುಗೆರೆಯಿಂದ ಆಚೆ 2 ಇಂಚು ಹೆಚ್ಚು ಬಿಡಿ, ಗುಂಡಿಪಟ್ಟಿ ಆಗುವುದು ಅದೇ.

ಬೆನ್ನನ್ನು ಯಾಕೆ ಸೀಳಬೇಕು, ತಲೆಯಿಂದ ಹಾಗೇ ಹಾಕಿದರಾಗದೇ ಎನ್ನಬಹುದು. ನಾಲ್ಕು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 20 ಇಂಚು, ನಾವು ಬರೆದ ಕೊರಳಿನದು ಹದಿಮೂರೂವರೆ. ಈ ಲೆಕ್ಕ ಹಾಕದೆ ಒಮ್ಮೆ ನಾನು ಬೆನ್ನನ್ನೂ ಮಡಿಕೆಯ ಮೇಲೇ ಕತ್ತರಿಸಿದ್ದೆ. ಆ ಬಟ್ಟೆ ಈಗ ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾಸಲು ಬಳಕೆಯಾಗುತ್ತಿದೆ.

ಬಟ್ಟೆಯನ್ನು ಕತ್ತರಿಸುವಾಗ ಹಾಸು, ಹೊಕ್ಕು ನೋಡಬೇಕು. ಅಂಚಿಗೆ ಸಮನಾಗಿ ಉದ್ದಕ್ಕೆ ಓಡುವ ನೂಲು ಹಾಸು, ಅಡ್ಡ ಬರುವುದು ಹೊಕ್ಕು. ಉದ್ದಕ್ಕೆ ಎಳೆದು ನೋಡಿ, ಬಟ್ಟೆ ಜಗ್ಗುವುದಿಲ್ಲ. ಅಡ್ಡಕ್ಕೆ ಎಳೆದರೆ ತುಸು ಜಗ್ಗುತ್ತದೆ. ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನಂತೆ ಜಗ್ಗುತ್ತದೆ. ಫ್ರಾಕಿನ ತಲೆ ಮೇಲಾಗಿ ಕಾಲು ಕೆಳಗಾಗಿ ನಿಲ್ಲುವ ದಿಕ್ಕು ಹಾಸಿನ ದಿಕ್ಕಾಗಿರಲಿ, ಇಲ್ಲದಿದ್ದರೆ ನಾಲ್ಕು ಒಗೆತಕ್ಕೆ ಫ್ರಾಕು ಒಂದು ಕಡೆ ವಾಲುತ್ತದೆ. ಓರೆಯ ಜಗ್ಗು ಮಾತ್ರ ನಮಗೆ ಬೇರೆ ಕಡೆ ಬೇಕಾಗುತ್ತದೆ, ಕೊರಳಿಗೆ ಬಂದಾಗ ಹೇಳುತ್ತೇನೆ.

ಕೆಳಗಿನ ನೆರಿಗೆ ಭಾಗ ಬಹಳ ಸುಲಭ. ಪನ್ನದ ಪೂರ್ತಿ 44 ಇಂಚು ಅಗಲ, 19½ ಇಂಚು ಉದ್ದದ ಒಂದೇ ತುಂಡು. ಇದರಲ್ಲಿ 14 ಇಂಚು ಕಾಣುವ ಉದ್ದ, ಅರ್ಧ ಇಂಚು ಸೊಂಟದ ಹೊಲಿಗೆಗೆ, 3 ಇಂಚು ಕೆಳಗಿನ ಮಡಿಕೆಗೆ, ಉಳಿದ 2 ಇಂಚು ಮಗು ಬೆಳೆದಾಗ ಬಿಚ್ಚಲು. ಮೇಲುಭಾಗದ ತುಂಡುಗಳು ಒಂದರ ಪಕ್ಕ ಒಂದು ಹತ್ತು ಹತ್ತೂವರೆ ಇಂಚು ಉದ್ದದಲ್ಲಿ ಕುಳಿತುಬಿಡುತ್ತವೆ. ಮಿಕ್ಕ ಬಟ್ಟೆ ಪಟ್ಟಿಗಳಿಗೆ. ಅಚ್ಚಾದ ದಿನಪತ್ರಿಕೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಒತ್ತಬೇಡಿ, ಮಸಿ ಹತ್ತುತ್ತದೆ.

ಕೈ ಪಳಗಲಿ

ಒಂದು ತುಂಡುಬಟ್ಟೆಯ ಮೇಲೆ ಈ ಹೊಲಿಗೆಗಳನ್ನು ಅರ್ಧ ಗಂಟೆ ಅಭ್ಯಾಸ ಮಾಡಿ.

ಕೌದಿ ಹೊಲಿಗೆ, ಅಂದರೆ ರನ್ನಿಂಗ್, ನಿಮಗೆ ಬಂದೇ ಬರುತ್ತದೆ. ಅದನ್ನೇ ಅರ್ಧ ಇಂಚಿನಷ್ಟು ದೊಡ್ಡದಾಗಿ, ಗಂಟು ಬಿಗಿಯದೆ ಹಾಕಿದರೆ ಕಚ್ಚಾ ಹೊಲಿಗೆ. ಸೀರೆಗೆ ಫಾಲ್ ಹಚ್ಚಿ ಗೊತ್ತಿದ್ದವರಿಗೆ ಹೆಮ್ಮಿಂಗ್ ಕೂಡ ಹೊಸದಲ್ಲ: ಮಡಿಸಿದ ಅಂಚಿನಿಂದ ಸೂಜಿ ತಂದು, ಹೊರಬಟ್ಟೆಯ ಒಂದೋ ಎರಡೋ ನೂಲನ್ನು ಮಾತ್ರ ಎತ್ತಿ, ಮತ್ತೆ ಅಂಚಿಗೆ ಹೋಗುವುದು.

ನಿಧಾನವಾಗಿ ಕಲಿಯಬೇಕಾದದ್ದು ಬ್ಯಾಕ್ ಸ್ಟಿಚ್. ಸೂಜಿಯನ್ನು ಕೆಳಗಿನಿಂದ ಮೇಲೆ ತನ್ನಿ. ಬಂದ ಜಾಗದಿಂದ ಎಳ್ಳುಕಾಳಿನಷ್ಟು ಹಿಂದಕ್ಕೆ ಹೋಗಿ ಚುಚ್ಚಿ, ಬಟ್ಟೆಯ ಕೆಳಗೆ ಅದರ ಎರಡರಷ್ಟು ಮುಂದಕ್ಕೆ ಸಾಗಿ ಮೇಲೆ ತೆಗೆಯಿರಿ. ಮತ್ತೆ ಹಿಂದಕ್ಕೆ, ಹಿಂದಿನ ಹೊಲಿಗೆ ಮುಗಿದ ತೂತಿಗೇ. ಮೇಲಿನಿಂದ ನೋಡಿದರೆ ಯಂತ್ರ ಹೊಲಿದಂತೆ ಸಾಲು, ಕೆಳಗಿನಿಂದ ನೋಡಿದರೆ ಒಂದರ ಮೇಲೊಂದು ಹತ್ತಿದ ಹಗ್ಗದಂತೆ. ಪ್ರತಿ ಹೊಲಿಗೆಯೂ ಹಿಂದಿನದನ್ನು ಹಿಡಿದುಕೊಂಡಿರುವುದರಿಂದ ಒಂದು ಕಡೆ ಕಡಿದರೂ ಸಾಲು ಜಾರಿ ಬಿಚ್ಚಿಕೊಳ್ಳುವುದಿಲ್ಲ. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬಂದರೆ ಸಾಕು. ಪ್ರತಿ ಹೊಲಿಗೆಯನ್ನೂ ಬಿಗಿ ಎಳೆಯುವ ಚಟ ಎಲ್ಲ ಹೊಸಬರಿಗೂ ಇರುತ್ತದೆ. ಬಟ್ಟೆ ಸುಕ್ಕಾದರೆ ಬಿಗಿ ಹೆಚ್ಚಾಯಿತೆಂದು ಅರ್ಥ. ಐದಾರು ಇಂಚಿಗೊಮ್ಮೆ ಹೊಲಿದ ಸಾಲನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನೀವಿ ಸಮ ಮಾಡಿ.

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಉಡುಪಿನಲ್ಲಿ ಅಷ್ಟು ನಿಷ್ಠೆ ಬೇಡ, ಆದರೆ ಮಗುವಿನ ಚರ್ಮಕ್ಕೆ ಗಂಟು ಚುಚ್ಚಬಾರದು. ಮಡಿಕೆಯ ಒಳಗೆ ಅಡಗಿಸಿ. ಮುಗಿಸುವಾಗ ಅದೇ ಜಾಗದಲ್ಲಿ ಮೂರು ಪುಟ್ಟ ಹೊಲಿಗೆ ಹಾಕಿ ದಾರವನ್ನು ಬಟ್ಟೆಯ ನಡುವೆ ಅರ್ಧ ಇಂಚು ಓಡಿಸಿ ಕತ್ತರಿಸಿ.

ಮೇಲುಭಾಗ

ಮೊದಲು ಬೆನ್ನಿನ ಗುಂಡಿಪಟ್ಟಿ. ಹೆಚ್ಚು ಬಿಟ್ಟ 2 ಇಂಚಿನಲ್ಲಿ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಿಸಿ ಇಸ್ತ್ರಿ ಮಾಡಿ, ಮತ್ತೆ 1 ಇಂಚು ಮಡಿಸಿ ಇಸ್ತ್ರಿ ಮಾಡಿ, ಕಚ್ಚಾ ಹೊಲಿಗೆ ಹಾಕಿ, ಹೆಮ್ಮಿಂಗ್ ಮಾಡಿ. ಈಗ ಮಡಿಸಿದ ತುದಿ ನಡುಗೆರೆಯಿಂದ ಅರ್ಧ ಇಂಚು ಆಚೆ ನಿಂತಿರುತ್ತದೆ. ಎರಡೂ ಬದಿ ಒಂದರ ಮೇಲೊಂದು ಬಂದಾಗ ಒಂದು ಇಂಚು ಮುಚ್ಚುತ್ತದೆ.

ಕಚ್ಚಾ ಹೊಲಿಗೆಯ ಬಗ್ಗೆ ಇಲ್ಲಿಯೇ ಒಂದು ಮಾತು. ಹೇಗೂ ಬಿಚ್ಚುವುದಲ್ಲವೇ ಎಂದು ಇದನ್ನು ಬಿಟ್ಟು ಗುಂಡುಸೂಜಿಯಲ್ಲೇ ಸಾಗಿಸುವವರಿದ್ದಾರೆ. ಯಂತ್ರದಲ್ಲಿ ಅದು ನಡೆಯುತ್ತದೆ, ಬಟ್ಟೆ ಅಲ್ಲಿ ಮೇಜಿನ ಮೇಲೆ ಮಲಗಿರುತ್ತದೆ. ಕೈಹೊಲಿಗೆಯಲ್ಲಿ ಬಟ್ಟೆ ತೊಡೆಯ ಮೇಲೆ, ಗಾಳಿಯಲ್ಲಿ, ಫೋನ್ ಬಂದಾಗ ಕುರ್ಚಿಯ ಮೇಲೆ, ಹೀಗೆ ಹತ್ತು ಕಡೆ ಹೊರಳಾಡುತ್ತದೆ. ಸೂಜಿಗಳು ಬೀಳುತ್ತವೆ, ಚುಚ್ಚುತ್ತವೆ, ಪದರಗಳು ಜಾರುತ್ತವೆ. ಕಚ್ಚಾ ಹೊಲಿಗೆಗೆ ಹತ್ತು ನಿಮಿಷ ಕೊಟ್ಟರೆ ಮುಂದಿನ ಒಂದು ಗಂಟೆ ನೀವು ಬಟ್ಟೆ ಹಿಡಿಯಬೇಕಿಲ್ಲ, ಹೊಲಿದರೆ ಸಾಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಡಬಾರದ ಹಂತ ಒಂದಿದ್ದರೆ ಇದೇ.

ಮುಂದೆ ಭುಜ ಮತ್ತು ಪಕ್ಕ. ನಮ್ಮ ಬಳಿ ಓವರ್‌ಲಾಕ್ ಯಂತ್ರವಿಲ್ಲ, ಕತ್ತರಿಸಿದ ಅಂಚು ನೂಲು ಬಿಡದ ಹಾಗೆ ಮುಚ್ಚಬೇಕು. ಫ್ರೆಂಚ್ ಸೀಮ್ ಎಂಬ ಉಪಾಯ ಇದಕ್ಕೆ ಸರಿಯಾಗಿ ಹೊಂದುತ್ತದೆ. ಎರಡು ತುಂಡುಗಳ ಒಳಮೈ ಒಂದಕ್ಕೊಂದು ತಾಗುವಂತೆ ಇಡಿ. ಹೌದು, ತಪ್ಪಾಗಿ ಇಟ್ಟಂತೆ ಕಾಣುತ್ತದೆ, ಹಾಗೆಯೇ ಇರಲಿ. ಅಂಚಿನಿಂದ ಕಾಲು ಇಂಚಿಗಿಂತ ಒಂದು ನೂಲು ಕಡಿಮೆ ದೂರದಲ್ಲಿ ರನ್ನಿಂಗ್ ಹಾಕಿ. ಮಿಕ್ಕ ಅಂಚನ್ನು ಅರ್ಧಕ್ಕೆ ಕತ್ತರಿಸಿ, ನೂಲಿನ ಕುಚ್ಚುಗಳನ್ನೂ ತೆಗೆಯಿರಿ. ಈಗ ಬಟ್ಟೆಯನ್ನು ತಿರುಗಿಸಿ, ಹೊರಮೈಗಳು ಒಂದಕ್ಕೊಂದು ತಾಗುವಂತೆ ಮಾಡಿ, ಹೊಲಿಗೆ ಸರಿಯಾಗಿ ಏಣಿನ ಮೇಲೆ ಬರುವಂತೆ ಇಸ್ತ್ರಿ ಮಾಡಿ, ಆ ಏಣಿನಿಂದ ಕಾಲು ಇಂಚು ಬಿಟ್ಟು ಬ್ಯಾಕ್ ಸ್ಟಿಚ್ ಹಾಕಿ. ಕತ್ತರಿಸಿದ ಅಂಚು ಪೂರ್ತಿ ಒಳಗೆ ಹುದುಗಿಹೋಯಿತು. ಮೊದಲ ಸಾಲಿಗೆ ಎಳೆತವಿಲ್ಲ, ಕೌದಿ ಹೊಲಿಗೆ ಸಾಕು. ಎರಡನೆಯ ಸಾಲಿನ ಮೇಲೆ ಪೂರ್ತಿ ಎಳೆತ, ಅಲ್ಲಿ ಬ್ಯಾಕ್ ಸ್ಟಿಚ್ಚೇ ಆಗಬೇಕು. ಸೀಬೆಯ ಗಿಡದ ಕೆಳಗೆ ಹರಿದದ್ದು ಇದೇ ಸಾಲು. ಕಂಕುಳಿನಿಂದ ಕೆಳಗಿನ ಮೊದಲ ಒಂದು ಇಂಚನ್ನು ನಾನು ಈಗ ಎರಡು ಬಾರಿ ಹೊಲಿಯುತ್ತೇನೆ.

ಒಂದು ಎಚ್ಚರಿಕೆ: ತಿರುಗಿಸಿದ ಮೇಲೆ ಇಸ್ತ್ರಿ ಮಾಡದೆ ಹೊಲಿದರೆ ಹೊರಗಡೆ ನೂಲಿನ ಎಳೆಗಳು ಮೀಸೆಯಂತೆ ಇಣುಕುತ್ತವೆ, ಆಮೇಲೆ ಅದಕ್ಕೆ ಮದ್ದಿಲ್ಲ.

ಕೊರಳು ಮತ್ತು ಕಂಕುಳು

ದುಂಡನೆಯ ಅಂಚಿಗೆ ನೇರ ಪಟ್ಟಿ ಕೂರುವುದಿಲ್ಲ, ಮುದುಡುತ್ತದೆ. ಮೂಲೆಯಿಂದ ಮೂಲೆಗೆ ರಬ್ಬರಿನಂತೆ ಜಗ್ಗಿದ ದಿಕ್ಕು ನೆನಪಿದೆಯಲ್ಲ, ಆ ಓರೆಯಲ್ಲಿ ಕತ್ತರಿಸಿದ ಪಟ್ಟಿ ದುಂಡಿಗೆ ತಾನೇ ಹೊಂದಿಕೊಳ್ಳುತ್ತದೆ. ದರ್ಜಿಗಳು ಕ್ರಾಸ್ ಪಟ್ಟಿ ಎನ್ನುವುದು ಇದನ್ನೇ. ಒಂದೂಕಾಲು ಇಂಚು ಅಗಲದ ಮೂರು ಪಟ್ಟಿ ಬೇಕು: ಕೊರಳಿಗೆ 15 ಇಂಚು ಉದ್ದ, ಎರಡು ಕಂಕುಳಿಗೆ 13 ಇಂಚಿನಂತೆ. ಗುಂಡಿಪಟ್ಟಿ ನಡುಗೆರೆಯಿಂದ ಆಚೆ ಚಾಚಿರುವಷ್ಟೂ ಕೊರಳು ಉದ್ದವಾಗಿರುತ್ತದೆ, ಟೇಪು ಹಿಡಿದು ಒಮ್ಮೆ ಅಳೆದು ಎರಡೂ ತುದಿಗೆ ಅರ್ಧರ್ಧ ಇಂಚು ಹೆಚ್ಚು ಬಿಟ್ಟೇ ಕತ್ತರಿಸಿ.

ಪಟ್ಟಿಯ ಹೊರಮೈಯನ್ನು ಕೊರಳಿನ ಹೊರಮೈಗೆ ಅಂಚಿಗಂಚು ಕೂಡಿಸಿ, ಬಾಗಿನಲ್ಲಿ ಪಟ್ಟಿಯನ್ನು ತುಸುವೇ ಎಳೆದು ಹಿಡಿಯುತ್ತ ಕಚ್ಚಾ ಹೊಲಿಗೆ ಹಾಕಿ. ತುದಿಯ ಅರ್ಧ ಇಂಚನ್ನು ಗುಂಡಿಪಟ್ಟಿಯ ಒಳಕ್ಕೆ ಮಡಿಸಿ. ಕಾಲು ಇಂಚು ಬಿಟ್ಟು ಸುತ್ತಲೂ ಬ್ಯಾಕ್ ಸ್ಟಿಚ್. ಬಳಿಕ ಅಂಚಿನ ಬಟ್ಟೆಗೆ ಅರ್ಧ ಇಂಚಿಗೊಂದರಂತೆ ಕತ್ತರಿಯ ತುದಿಯಿಂದ ಪುಟ್ಟ ಕಚ್ಚು ಕೊಡಿ. ಕಚ್ಚು ಹೊಲಿಗೆಯ ಹತ್ತಿರ ಹೋಗಲಿ, ಹೊಲಿಗೆಯನ್ನು ಮುಟ್ಟಬಾರದು. ಕಚ್ಚಿಲ್ಲದಿದ್ದರೆ ಕೊರಳು ಒಳಕ್ಕೆ ತಿರುಗುವುದೇ ಇಲ್ಲ. ಪಟ್ಟಿಯನ್ನು ಪೂರ್ತಿ ಒಳಗೆ ತಿರುಗಿಸಿ, ಅದರ ಇನ್ನೊಂದು ಅಂಚನ್ನು ಕಾಲು ಇಂಚು ಮಡಿಸಿ ಹೆಮ್ಮಿಂಗ್ ಮಾಡಿ.

ಕಂಕುಳಿಗೂ ಇದೇ ಕ್ರಮ, ಪಟ್ಟಿಯ ಎರಡು ತುದಿಗಳು ಪಕ್ಕದ ಹೊಲಿಗೆಯ ಹತ್ತಿರ ಒಂದರ ಮೇಲೊಂದು ಬರಲಿ. ಯಂತ್ರದಲ್ಲಿ ಹೊಲಿಯುವವರಿಗೆ ಮಕ್ಕಳ ಬಟ್ಟೆಯ ಈ ಚಿಕ್ಕ ಸುತ್ತು ತಲೆನೋವು, ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದದ ಕೆಳಗೆ ಅದನ್ನು ತಿರುಗಿಸಲು ಜಾಗವೇ ಇರುವುದಿಲ್ಲ. ಸೂಜಿ ಹಿಡಿದ ಕೈಗೆ ಆ ತೊಂದರೆ ಇಲ್ಲ. ರವಿಕೆಯನ್ನೆಲ್ಲ ಯಂತ್ರದಲ್ಲಿ ಹೊಲಿಯುವ ದರ್ಜಿಗಳೂ ಹೆಮ್ಮಿಂಗ್, ಹುಕ್ಕು ಮಾತ್ರ ಅಕ್ಕಪಕ್ಕದ ಮನೆಯ ಹೆಂಗಸರ ಕೈಗೆ ಕೊಡುತ್ತಾರೆ.

ನೆರಿಗೆ ಮತ್ತು ಸೊಂಟ

ಕೆಳಭಾಗದ 44 ಇಂಚಿನ ತುಂಡಿನ ಎರಡು ತುದಿಯಲ್ಲೂ ಬಟ್ಟೆಯ ಸಹಜ ಅಂಚು ಇದೆ, ಅದು ನೂಲು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಫ್ರೆಂಚ್ ಸೀಮಿನ ಗೋಜಿಲ್ಲ. ಹೊರಮೈಗಳನ್ನು ಕೂಡಿಸಿ ಅರ್ಧ ಇಂಚು ಬಿಟ್ಟು ನೇರವಾಗಿ ಬ್ಯಾಕ್ ಸ್ಟಿಚ್ ಹಾಕಿ, ಹೊಲಿಗೆಯನ್ನು ತೆರೆದು ಇಸ್ತ್ರಿ ಮಾಡಿ. ಇದು ಬೆನ್ನ ನಡುವಿಗೆ ಬರುತ್ತದೆ.

ಮೇಲಿನ ಅಂಚಿನಲ್ಲಿ ಎರಡು ಸಾಲು ರನ್ನಿಂಗ್, ಒಂದು ಕಾಲು ಇಂಚಿಗೆ, ಇನ್ನೊಂದು ಅದರ ಕೆಳಗೆ ಅರ್ಧ ಇಂಚಿಗೆ ತುಸು ಮೊದಲು. ಎರಡೂ ಸಾಲಿನ ಹೊಲಿಗೆಗಳು ಮೇಲೆ ಕೆಳಗೆ ಒಂದೇ ನೇರದಲ್ಲಿ ಬಂದರೆ ನೆರಿಗೆ ಅಚ್ಚುಕಟ್ಟು. ಇಡೀ ಸುತ್ತಿಗೆ ಒಂದೇ ದಾರ ಬೇಡ, ಅರ್ಧಕ್ಕೊಂದರಂತೆ ಹಾಕಿ. ಎಳೆಯುವಾಗ ದಾರ ಕಡಿದರೆ ಅರ್ಧ ಕೆಲಸವಾದರೂ ಉಳಿಯುತ್ತದೆ. 18 ಇಂಚಿನ ನಿಯಮವನ್ನು ಇಲ್ಲಿ ಮಾತ್ರ ಮುರಿಯಬೇಕಾಗುತ್ತದೆ, ದಾರಕ್ಕೆ ಮೇಣ ಸವರುವುದನ್ನು ಮರೆಯಬೇಡಿ.

ಮೇಲುಭಾಗದ ಬೆನ್ನಿನ ಎರಡು ಬದಿಗಳನ್ನು ನಡುಗೆರೆ ಒಂದರ ಮೇಲೊಂದು ಬರುವಂತೆ ಇಟ್ಟು ಸೊಂಟದಲ್ಲಿ ಕಚ್ಚಾ ಹೊಲಿಗೆಯಿಂದ ಕೂಡಿಸಿ. ಸೊಂಟ ಈಗ 25 ಇಂಚಿನ ಮುಚ್ಚಿದ ಸುತ್ತು. ಅದನ್ನೂ ನೆರಿಗೆಯ ತುಂಡನ್ನೂ ನಾಲ್ಕು ಸಮಭಾಗ ಮಾಡಿ ಚಾಕ್‌ನಿಂದ ಗುರುತಿಸಿ, ಗುರುತಿಗೆ ಗುರುತು ಸೇರಿಸಿ ಗುಂಡುಸೂಜಿ ಚುಚ್ಚಿ. ಆಮೇಲೆ ದಾರದ ತುದಿ ಹಿಡಿದು ಮೆಲ್ಲಗೆ ಎಳೆಯುತ್ತ, ಬೆರಳಿನಿಂದ ನೆರಿಗೆಯನ್ನು ತಳ್ಳುತ್ತ ಹೋಗಿ. ಸೀರೆಯ ನೆರಿಗೆ ಹಿಡಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲ್ಲ ಕಡೆ ಒಂದೇ ದಟ್ಟಣೆ ಬಂದ ಮೇಲೆ ದಾರದ ತುದಿಯನ್ನು ಗುಂಡುಸೂಜಿಗೆ ಎಂಟರ ಆಕಾರದಲ್ಲಿ ಸುತ್ತಿ ನಿಲ್ಲಿಸಿ.

ಕಚ್ಚಾ ಹೊಲಿಗೆ, ನಂತರ ಅರ್ಧ ಇಂಚಿಗೆ ಬ್ಯಾಕ್ ಸ್ಟಿಚ್. ನೆರಿಗೆ ಇರುವ ಬದಿಯನ್ನು ನಿಮ್ಮ ಕಡೆಗೆ ಇಟ್ಟುಕೊಂಡು ಹೊಲಿಯಿರಿ, ಪ್ರತಿ ನೆರಿಗೆಯನ್ನೂ ಕಣ್ಣಾರೆ ನೋಡಿ ಹಿಡಿಯಬಹುದು. ಮಗು ಮೊದಲು ಹಿಡಿದು ಜಗ್ಗುವುದು ಲಂಗವನ್ನೇ, ಆದ್ದರಿಂದ ಇಲ್ಲಿ ಇಂಚಿಗೆ ಹತ್ತಕ್ಕಿಂತ ಕಡಿಮೆ ಬೇಡ. ಒಳಗಿನ ದಪ್ಪ ಅಂಚು ಮಗುವಿನ ಹೊಟ್ಟೆಗೆ ಉಜ್ಜುತ್ತದೆ. ಒಂದೂವರೆ ಇಂಚು ಅಗಲದ ನೇರ ಪಟ್ಟಿಯಿಂದ ಅದನ್ನು ಸುತ್ತಿ ಎರಡೂ ಕಡೆ ಹೆಮ್ಮಿಂಗ್ ಮಾಡಿದರೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಇಷ್ಟಾಗಲು ನನಗೆ ಮೂರು ದಿನ ಬೇಕಾದವು.

ಗುಂಡಿ, ಕಾಜಾ

ಅರ್ಧ ಇಂಚಿನ ನಾಲ್ಕು ಗುಂಡಿ ನಡುಗೆರೆಯ ಮೇಲೆ ಬರಬೇಕು. ಗುಂಡಿ ತೂರಿಸುವ ಸೀಳು, ಅಂದರೆ ಕಾಜಾ, ಹೊಸಬರಿಗೆ ನಡುಕ. ಬೇಡವೆನ್ನಿಸಿದರೆ ಟಿಚ್ ಬಟನ್ ಹಾಕಿ, ಯಾರೂ ಬೈಯುವುದಿಲ್ಲ. ಹಾಕುವುದಾದರೆ ಗುಂಡಿಯ ಅಗಲಕ್ಕೆ ಅದರ ದಪ್ಪ ಸೇರಿಸಿ ಗೆರೆ ಎಳೆದು, ಗೆರೆಯ ಸುತ್ತ ಸಣ್ಣ ರನ್ನಿಂಗ್ ಹಾಕಿ, ಆಮೇಲೆ ಕತ್ತರಿಸಿ. ಮೊದಲು ಕತ್ತರಿಸಿ ಆಮೇಲೆ ಹೊಲಿಯಲು ಹೋದರೆ ಪದರಗಳು ಬಾಯಿ ಬಿಡುತ್ತವೆ. ಸೂಜಿಯನ್ನು ಸೀಳಿನೊಳಗಿಂದ ಚುಚ್ಚಿ, ಅದು ಪೂರ್ತಿ ಹೊರಬರುವ ಮುನ್ನ ದಾರವನ್ನು ಅದರ ತುದಿಯ ಕೆಳಗೆ ಸುತ್ತಿ ಎಳೆದರೆ ಅಂಚಿನ ಮೇಲೆ ಒಂದು ಪುಟ್ಟ ಗಂಟು ಕೂರುತ್ತದೆ. ಅಂಥ ಗಂಟುಗಳು ಇರುವೆಸಾಲಿನಂತೆ ಒತ್ತೊತ್ತಾಗಿ ಬರಲಿ.

ಗುಂಡಿಗೆ ಜೋಡಿ ದಾರ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ಹೊಲಿದು, ಕಡ್ಡಿ ತೆಗೆದು, ಸಡಿಲವಾದ ದಾರಕ್ಕೆ ಗುಂಡಿಯ ಕೆಳಗೆ ನಾಲ್ಕು ಸುತ್ತು ಹಾಕಿ ಬಿಗಿಯಿರಿ. ಕಾಜಾದ ದಪ್ಪ ಕೂರಲು ಆ ಕತ್ತು ಬೇಕು. ಗುಂಡಿಯನ್ನು ಜೋರಾಗಿ ಎಳೆದು ನೋಡಿ. ಈ ವಯಸ್ಸಿನ ಮಕ್ಕಳು ಕಿತ್ತುಬಂದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ.

ಕೆಳಗಿನ ಅಂಚು ಮತ್ತು ಬೆಳೆಯುವ ಮಗು

ಕೆಳಗಿನ ಅಂಚನ್ನು ಹೊಲಿಯುವ ಮೊದಲು ಫ್ರಾಕನ್ನು ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ, ನೆರಿಗೆ ತನ್ನ ಭಾರಕ್ಕೆ ಇಳಿಯಲಿ. ಮಾರನೆಯ ದಿನ ಮಗುವಿಗೆ ತೊಡಿಸಿ, ನೆಲದಿಂದ ಸ್ಕೇಲಿನಲ್ಲಿ ಅಳೆಯುತ್ತ ಸುತ್ತಲೂ ಗುರುತು ಹಾಕಿ. ಮಗು ಅಷ್ಟು ಹೊತ್ತು ನಿಲ್ಲುವುದಿಲ್ಲ ಎಂಬುದು ಬೇರೆ ವಿಷಯ. ಕೈಗೊಂದು ಚಕ್ಕುಲಿ ಕೊಡಿ. ಅರ್ಧ ಇಂಚು ಒಳಕ್ಕೆ, ಮತ್ತೆ ಎರಡೂವರೆ ಇಂಚು ಮಡಿಸಿ, ಇಸ್ತ್ರಿ ಮಾಡಿ, ಫಾಲ್ ಹಚ್ಚಿದಂತೆ ಹೆಮ್ಮಿಂಗ್ ಮಾಡಿ. ಹೊಲಿಗೆ ಸಡಿಲವಾಗಿರಲಿ, ಓಡುವಾಗ ಕಾಲಿಗೆ ಸಿಕ್ಕಿದರೆ ಒಂದೆರಡು ಹೊಲಿಗೆ ಬಿಡುತ್ತದೆ, ಬಟ್ಟೆ ಹರಿಯುವುದಿಲ್ಲ.

ಉಳಿದ 2 ಇಂಚಿಗೆ ಹಿಂದಿನವರು ಉದ್ದಲಂಗಕ್ಕೆ ಹಾಕುತ್ತಿದ್ದ ಮಡಿಕೆ ಹಾಕೋಣ. ಕೆಳಗಿನ ಅಂಚಿನಿಂದ ನಾಲ್ಕು ಇಂಚು ಮೇಲೆ, ಲಂಗದ ಸುತ್ತಲೂ ಒಂದು ಇಂಚಿನ ಮಡಿಕೆ ಹಿಡಿದು ಇಸ್ತ್ರಿ ಮಾಡಿ. ಇಲ್ಲಿ ಎಳೆತವೇ ಇಲ್ಲ, ಮುಂದಿನ ವರ್ಷ ಬಿಚ್ಚಲೂ ಸುಲಭವಾಗಬೇಕು. ದೊಡ್ಡಮ್ಮ ಬೈದ ಕೌದಿ ಹೊಲಿಗೆಯನ್ನು ಇಲ್ಲಿ ನಿಶ್ಚಿಂತೆಯಿಂದ ಹಾಕಿ. ಬೇರೆ ಬಣ್ಣದ ದಾರದಲ್ಲಿ ಹಾಕಿದರೆ ಅದೇ ಒಂದು ಅಲಂಕಾರ.

ಕಚ್ಚಾ ಹೊಲಿಗೆಗಳನ್ನೆಲ್ಲ ಬಿಚ್ಚಿ, ಚಾಕ್‌ನ ಗುರುತು ಹೋಗುವಂತೆ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಮಿಕ್ಕ ಬಟ್ಟೆಯಲ್ಲಿ ಅಂಗೈಯಗಲದ ಒಂದು ತುಂಡನ್ನು ಫ್ರಾಕಿನ ಜೊತೆಗೇ ಪ್ರತಿ ಸಲ ಒಗೆಯಿರಿ. ಮುಂದಿನ ವರ್ಷ ಮಡಿಕೆ ಬಿಚ್ಚಿದಾಗ ಒಳಗಿನ ಬಟ್ಟೆ ಹೊಸ ಬಣ್ಣದಲ್ಲೇ ಇರುತ್ತದೆ, ಆ ಗೆರೆ ನಾಲ್ಕಾರು ಒಗೆತದವರೆಗೆ ಎದ್ದು ಕಾಣುತ್ತದೆ. ಆದರೆ ಮೊಣಕಾಲಿನ ಹತ್ತಿರ ತೇಪೆ ಹಾಕುವ ದಿನ ಬಂದರೆ, ಬಣ್ಣ ಮಾಸಿದ ಆ ತುಂಡು ಸರಿಯಾಗಿ ಹೊಂದುತ್ತದೆ.